ಬ್ರಿಸ್ಬೇನ್ ಸುತ್ತಲಿನ ಮರಳು ದ್ವೀಪಗಳಲ್ಲಿ ಕ್ಯಾಂಪಿಂಗ್: ಪದೇ ಪದೇ ಕೇಳುವ ಪ್ರಶ್ನೆಗಳು

ಆಸ್ಟ್ರೇಲಿಯಾದ ಬ್ರಿಸ್ಬೇನ್‌ಗೆ ಹೊಸದಾಗಿ ಬಂದ ಕನ್ನಡದವರು ಮನೆಗೆ ಊಟಕ್ಕೆ ಬಂದರೆ ಕಾಫಿ ಹೊತ್ತಿಗೆ ಮಾತು ದ್ವೀಪಗಳ ಕಡೆಗೆ ತಿರುಗುತ್ತದೆ. ಬೆಂಗಳೂರು, ಮೈಸೂರಿನಿಂದ ರಜೆಗೆ ಬರುವ ನೆಂಟರು ಮೊದಲೇ ಬರೆದು ಕೇಳುತ್ತಾರೆ. ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ಕೇಳಿದವರ ಮಾತಿನಲ್ಲೇ ಅವನ್ನು ಇಲ್ಲಿ ಇಟ್ಟಿದ್ದೇನೆ. ಮೊದಲ ಸಲ ಹೋಗುವವರಿಗೆ ಬೇಕಾದ್ದು ಮೇಲಿದೆ, ಒಂದೆರಡು ಸಲ ಹೋಗಿ ಬಂದವರಿಗೆ ಬೇಕಾದ್ದು ಕೆಳಗಿದೆ.

## ಮೊದಲು ಗೊತ್ತಿರಬೇಕಾದ್ದು

ಅಲ್ಲಿ ಯಾವ್ಯಾವ ದ್ವೀಪ ಇವೆ? ಒಂದೇ ಸಲ ಹೋಗೋದಾದ್ರೆ ಯಾವುದಕ್ಕೆ ಹೋಗಲಿ?

ಮುಖ್ಯವಾದವು ಮೂರು. ಬ್ರಿಸ್ಬೇನ್‌ಗೆ ಹತ್ತಿರದ್ದು ನಾರ್ತ್ ಸ್ಟ್ರಾಡ್‌ಬ್ರೋಕ್. ಅದರ ಮೂಲ ಹೆಸರು ಮಿಂಜೆರಿಬಾ, ಇಲ್ಲಿನವರ ಬಾಯಲ್ಲಿ ಸ್ಟ್ರಾಡಿ. ಅದರ ಉತ್ತರಕ್ಕೆ ಮೊರ್ಟನ್, ಅಂದರೆ ಮುಲ್ಗಂಪಿನ್. ಇನ್ನೂ ಮೇಲೆ, ಬ್ರಿಸ್ಬೇನ್‌ನಿಂದ ಸುಮಾರು 3 ಗಂಟೆ ಗಾಡಿ ಓಡಿಸಿದರೆ ಗಾರಿ ದ್ವೀಪಕ್ಕೆ ಬಾರ್ಜ್, ಅಂದರೆ ಗಾಡಿ ದಾಟಿಸುವ ಚಪ್ಪಟೆ ದೋಣಿ, ಹತ್ತುವ ಜಾಗ ಸಿಗುತ್ತದೆ. ಮೂರೂ ಮರಳಿನ ದ್ವೀಪಗಳು. ಗಾರಿ ಜಗತ್ತಿನಲ್ಲೇ ಅತಿ ದೊಡ್ಡ ಮರಳು ದ್ವೀಪ, ಉದ್ದ 120 ಕಿಲೋಮೀಟರ್‌ಗೂ ಜಾಸ್ತಿ.

ಮೊದಲ ಸಲಕ್ಕೆ ಸ್ಟ್ರಾಡಿಗೆ ಹೋಗಿ. ಈ ಮಾತನ್ನು ಎಲ್ಲರಿಗೂ ಹೇಳುತ್ತೇನೆ, ಅರ್ಧದಷ್ಟು ಜನ ಕೇಳುವುದಿಲ್ಲ. ಫೋಟೋ ನೋಡಿ ನೇರ ಗಾರಿಗೆ ಹೊರಟುಬಿಡುತ್ತಾರೆ. ಸ್ಟ್ರಾಡಿಯಲ್ಲಿ ಡನ್ವಿಚ್, ಆಮಿಟಿ, ಪಾಯಿಂಟ್ ಲುಕೌಟ್ ಅಂತ ಮೂರು ಊರುಗಳಿವೆ. ಅವುಗಳ ನಡುವೆ ಡಾಂಬರು ರಸ್ತೆ ಇದೆ, ಅಂಗಡಿ ಇದೆ, ಮಾಮೂಲಿ ಕಾರು ಸಾಕು. ಟೆಂಟಿನಲ್ಲಿ ಮಲಗುವುದು ನಿಮಗೂ ಮಕ್ಕಳಿಗೂ ಒಗ್ಗುತ್ತದೆಯೋ ಇಲ್ಲವೋ ಅನ್ನುವುದು ಅಲ್ಲಿ ಎರಡು ರಾತ್ರಿಯಲ್ಲಿ ಗೊತ್ತಾಗುತ್ತದೆ. ಒಗ್ಗದಿದ್ದರೆ ಮರುದಿನದ ಫೆರಿ ಹತ್ತಿ ವಾಪಸ್ ಬರಬಹುದು. ಮೊರ್ಟನ್‌ನಲ್ಲಿ ಡಾಂಬರು ರಸ್ತೆಯೇ ಇಲ್ಲ. ಗಾರಿಯಲ್ಲಿ ಡಿಂಗೋ ಅನ್ನುವ ಕಾಡುನಾಯಿಗಳಿವೆ, ದೂರವೂ ಜಾಸ್ತಿ. ಅವೆರಡು ಎರಡನೇ, ಮೂರನೇ ಪ್ರವಾಸಕ್ಕೆ.

ಫ್ರೇಸರ್ ಐಲ್ಯಾಂಡ್ ಅಂತ ಕೇಳಿದ್ವಿ. ಗಾರಿ ಅಂದ್ರೆ ಅದೇನಾ?

ಅದೇ. 2023ರ ಜೂನ್‌ನಲ್ಲಿ ಬ್ರಿಸ್ಬೇನ್ ಇರುವ ಕ್ವೀನ್ಸ್‌ಲ್ಯಾಂಡ್ ರಾಜ್ಯದ ಸರ್ಕಾರ ಅಧಿಕೃತವಾಗಿ ಹಳೆಯ ಹೆಸರನ್ನು ಮರಳಿ ತಂದಿತು. ಇಂಗ್ಲಿಷ್‌ನಲ್ಲಿ ಬರೆಯುವಾಗ ಮುಂದೆ ಒಂದು ‘ಕೆ’ ಇರುತ್ತದೆ, ಹೇಳುವಾಗ ಅದು ಬರುವುದಿಲ್ಲ. ಅಲ್ಲಿನ ಮೂಲನಿವಾಸಿ ಬುಚುಲ್ಲ ಜನರ ಭಾಷೆಯಲ್ಲಿ ಈ ಪದಕ್ಕೆ ಸ್ವರ್ಗ ಅನ್ನುವ ಅರ್ಥ ಇದೆ. ಫ್ರೇಸರ್ ಅನ್ನುವ ಹೆಸರು ಬಂದಿದ್ದು 1836ರಲ್ಲಿ ಹಡಗು ಒಡೆದು ಅಲ್ಲಿಗೆ ಸೇರಿದ ಎಲೈಜಾ ಫ್ರೇಸರ್ ದಂಪತಿಯಿಂದ. ಆಕೆ ಆಮೇಲೆ ಬುಚುಲ್ಲರ ಬಗ್ಗೆ ಹೇಳಿದ ಕತೆಗಳು ಆ ಜನರಿಗೆ ದೊಡ್ಡ ಕೇಡು ಮಾಡಿದವು. ಹಾಗಾಗಿ ಹೆಸರು ಬದಲಾಗಿದ್ದು ಅವರಿಗೆ ಸಣ್ಣ ವಿಷಯ ಅಲ್ಲ. ಬುಕಿಂಗ್ ಮಾಡುವಾಗಲೂ ಗಾರಿ ಅಂತಲೇ ಹುಡುಕಿ.

ಯಾವ ತಿಂಗಳು ಹೋದ್ರೆ ಒಳ್ಳೇದು?

ಇದು ದಕ್ಷಿಣ ಗೋಳ, ನಮ್ಮ ಊರಿನ ಲೆಕ್ಕ ತಿರುಗುಮುರುಗು. ಡಿಸೆಂಬರ್‌ನಿಂದ ಫೆಬ್ರವರಿ ಬೇಸಿಗೆಯೂ ಹೌದು, ಮಳೆಗಾಲವೂ ಹೌದು. ಸೆಕೆ, ಗುಡುಗು-ಮಳೆ, ಸೊಳ್ಳೆ. ಜೂನ್‌ನಿಂದ ಆಗಸ್ಟ್ ಚಳಿಗಾಲ: ಹಗಲು 20 ಡಿಗ್ರಿಯ ಆಸುಪಾಸು, ಒಳ್ಳೆಯ ಬಿಸಿಲು, ಮಳೆ ಕಡಿಮೆ. ರಾತ್ರಿ ಮಾತ್ರ 10 ಡಿಗ್ರಿಯ ಹತ್ತಿರ ಇಳಿಯುತ್ತದೆ. ಕಡಲ ಪಕ್ಕ ಅಲ್ವಾ, ಚಳಿ ಎಲ್ಲಿಂದ ಬರಬೇಕು ಅಂತ ಬೆಡ್‌ಶೀಟ್ ತಂದವರು ನಡುಗಿದ್ದನ್ನು ನೋಡಿದ್ದೇನೆ. ದಪ್ಪ ಕಂಬಳಿ ಇರಲಿ, ಕೆಳಗೆ ಹಾಸಲು ಇನ್ನೊಂದು ಇರಲಿ. ಮರಳು ಕೆಳಗಿನಿಂದ ಮೈ ಶಾಖ ಎಳೆಯುತ್ತದೆ.

ನನಗೆ ಇಷ್ಟವಾದ ಕಾಲ ಆಗಸ್ಟ್ ಕೊನೆಯಿಂದ ಅಕ್ಟೋಬರ್ ಮೊದಲ ವಾರದವರೆಗೆ. ತಿಮಿಂಗಿಲಗಳು ಹಾದುಹೋಗುತ್ತಿರುತ್ತವೆ, ಕಾಡು ಹೂ ಬಿಟ್ಟಿರುತ್ತದೆ. ಇಲ್ಲಿನ ಶಾಲೆಗಳ ವಸಂತ ರಜೆಯೂ ಆಗಲೇ, ಎಷ್ಟೋ ವರ್ಷ ನಮ್ಮ ದಸರಾ ರಜೆಗೆ ಹೊಂದಿಕೊಂಡು ಬರುತ್ತದೆ. ಅದಕ್ಕೇ ಆಗ ಜಾಗ ಸಿಗುವುದೂ ಕಷ್ಟ.

ಒಂದು ವಿಷಯ ನೆನಪಿಡಿ. ಕ್ವೀನ್ಸ್‌ಲ್ಯಾಂಡ್‌ನಲ್ಲಿ ಗಡಿಯಾರ ಹಿಂದೆ ಮುಂದೆ ಮಾಡುವ ಪದ್ಧತಿ ಇಲ್ಲ. ಜೂನ್‌ನಲ್ಲಿ ಸಂಜೆ 5ಕ್ಕೇ ಸೂರ್ಯ ಮುಳುಗುತ್ತಾನೆ. ಮಧ್ಯಾಹ್ನದ ಫೆರಿ ಹಿಡಿದರೆ ಟೆಂಟನ್ನು ಕತ್ತಲಲ್ಲಿ ಹಾಕಬೇಕಾಗುತ್ತದೆ.

ಗ್ಲ್ಯಾಂಪಿಂಗ್ ಅಂದ್ರೆ ಏನು? ಹೋಟೆಲ್ಲೇ ಟೆಂಟಿನ ರೂಪದಲ್ಲಾ?

ಹೆಚ್ಚುಕಡಿಮೆ ಹಾಗೇ. ಟೆಂಟ್ ಮೊದಲೇ ಹಾಕಿರುತ್ತಾರೆ, ಒಳಗೆ ಮರದ ನೆಲ, ಮಂಚ, ಹಾಸಿಗೆ, ದೀಪ. ಮೊರ್ಟನ್‌ನ ಬುಲ್ವರ್ ಹಳ್ಳಿಯಲ್ಲಿ ಇಂಥ ಟೆಂಟ್‌ಗಳು ಸಿಗುತ್ತವೆ. ಇನ್ನೂ ಉತ್ತರಕ್ಕೆ, ಗ್ರೇಟ್ ಬ್ಯಾರಿಯರ್ ರೀಫ್‌ನ ದಕ್ಷಿಣ ತುದಿಯ ಲೇಡಿ ಎಲಿಯಟ್ ದ್ವೀಪದಲ್ಲೂ ಇವೆ. ಅದು ಹವಳದ ಪುಟ್ಟ ದ್ವೀಪ, ಚಿಕ್ಕ ವಿಮಾನದಲ್ಲಿ ಹೋಗಬೇಕು.

ಬುಕ್ ಮಾಡುವ ಮುಂಚೆ ನಾಲ್ಕು ವಿಷಯ ಕೇಳಿ ತಿಳಿದುಕೊಳ್ಳಿ: ಹೊದಿಕೆ-ದಿಂಬು ಅವರೇ ಕೊಡುತ್ತಾರಾ, ಶೌಚಾಲಯ ನಮ್ಮ ಟೆಂಟಿಗೇ ಸೇರಿದ್ದಾ, ಅಡುಗೆ ಮಾಡಲು ಜಾಗ ಇದೆಯಾ, ಫೆರಿ ಇಳಿದ ಜಾಗದಿಂದ ಅಲ್ಲಿಗೆ ಹೇಗೆ ಹೋಗುವುದು. ಕೊನೆಯ ಪ್ರಶ್ನೆಯನ್ನು ಎಲ್ಲರೂ ಮರೆಯುತ್ತಾರೆ. ಮರಳಿನ ದಾರಿ ದಾಟಿ ಹೋಗಬೇಕಾದರೆ ಗ್ಲ್ಯಾಂಪಿಂಗ್ ಆದರೂ ಫೋರ್ ವ್ಹೀಲ್ ಡ್ರೈವ್ ಗಾಡಿಯೇ ಬೇಕು.

ಬುಕಿಂಗ್ ಹೇಗೆ? ಖರ್ಚು ಎಷ್ಟಾಗಬಹುದು?

ಮೊದಲೇ ಬುಕ್ ಮಾಡದೆ ಎಲ್ಲೂ ಹೋಗಬೇಡಿ. ಗಾರಿಯ ಜಾಗಗಳನ್ನು ಕ್ವೀನ್ಸ್‌ಲ್ಯಾಂಡ್ ರಾಷ್ಟ್ರೀಯ ಉದ್ಯಾನ ಇಲಾಖೆಯ ಜಾಲತಾಣದಲ್ಲಿ ಕಾಯ್ದಿರಿಸಬೇಕು. ಸ್ಟ್ರಾಡಿಯ ಕ್ಯಾಂಪ್ ಜಾಗಗಳನ್ನು ಮಿಂಜೆರಿಬಾ ಕ್ಯಾಂಪಿಂಗ್ ನೋಡಿಕೊಳ್ಳುತ್ತದೆ. ಅದು ಅಲ್ಲಿನ ಮೂಲನಿವಾಸಿ ಕ್ವಾಂಡಮೂಕ ಜನರ ಸಂಸ್ಥೆಗೆ ಸೇರಿದ್ದು. ನೀವು ಕೊಡುವ ದುಡ್ಡು ಆ ನೆಲದವರ ಕೈಗೇ ಹೋಗುತ್ತದೆ ಅನ್ನುವುದು ನನಗೆ ಸಮಾಧಾನದ ವಿಷಯ.

ರಾಷ್ಟ್ರೀಯ ಉದ್ಯಾನದಲ್ಲಿ ಟೆಂಟ್ ಹಾಕುವ ಶುಲ್ಕ ಒಬ್ಬರಿಗೆ ರಾತ್ರಿಗೆ ಕೆಲವೇ ಡಾಲರ್, 5 ವರ್ಷದೊಳಗಿನ ಮಕ್ಕಳಿಗೆ ಇಲ್ಲ. ದುಡ್ಡು ಹೋಗುವುದು ಗಾಡಿಯನ್ನು ದಾಟಿಸುವುದಕ್ಕೆ. ಹೋಗಿ ಬರಲು ನೂರು ಡಾಲರ್ ದಾಟುವುದು ಸಾಮಾನ್ಯ. ಅದಕ್ಕೇ ಒಂದೇ ರಾತ್ರಿಗೆ ಹೋಗುವುದು ನಷ್ಟ, ಮೂರು ರಾತ್ರಿ ಇದ್ದರೆ ಲೆಕ್ಕ ಸರಿಹೋಗುತ್ತದೆ. ಗಾರಿ ಮತ್ತು ಮೊರ್ಟನ್‌ಗೆ ಗಾಡಿಯ ಪರ್ಮಿಟ್ ಬೇರೆ ಬೇಕು. ಈಸ್ಟರ್, ಕ್ರಿಸ್‌ಮಸ್ ರಜೆಗೆ ಹೋಗುವುದಾದರೆ ತಿಂಗಳುಗಟ್ಟಲೆ ಮುಂಚೆ ನೋಡಿ. ಮೊದಲು ಫೆರಿಯಲ್ಲಿ ಜಾಗ ಇದೆಯಾ ನೋಡಿಕೊಳ್ಳಿ, ಆಮೇಲೆ ಕ್ಯಾಂಪ್ ಜಾಗ.

## ಹೊರಡುವ ಮುನ್ನ

ನಮ್ಮ ಹತ್ರ ಕಾರೇ ಇಲ್ಲ. ಬಸ್ಸು ರೈಲಲ್ಲಿ ಹೋಗಬಹುದಾ?

ಸ್ಟ್ರಾಡಿಗೆ ಆರಾಮಾಗಿ ಹೋಗಬಹುದು. ಬ್ರಿಸ್ಬೇನ್‌ನಿಂದ ಕ್ಲೀವ್‌ಲ್ಯಾಂಡ್‌ಗೆ ರೈಲು. 2024ರ ಆಗಸ್ಟ್‌ನಿಂದ ಟಿಕೆಟ್ ಬರೀ 50 ಸೆಂಟ್. ಅಲ್ಲಿಂದ ಟೂಂಡಾ ಹಾರ್ಬರ್‌ಗೆ ಬಸ್, ಅಲ್ಲಿಂದ ಸುಮಾರು 25 ನಿಮಿಷದ ದೋಣಿ. ಡನ್ವಿಚ್‌ನಲ್ಲಿ ಇಳಿದರೆ ಪಾಯಿಂಟ್ ಲುಕೌಟ್ ಕಡೆಗೆ ಬಸ್ ಇರುತ್ತದೆ. ಸಿಲಿಂಡರ್ ಬೀಚ್, ಆಡರ್ ರಾಕ್ ಕ್ಯಾಂಪ್ ಮೈದಾನಗಳು ಆ ಕಡೆಯೇ ಇವೆ. ಇಲ್ಲಿ ಓದಲು ಬಂದ ನಮ್ಮ ಹುಡುಗರು ಬೆನ್ನಿಗೆ ಚೀಲ ಹಾಕಿಕೊಂಡು ಹೀಗೇ ಹೋಗಿಬರುತ್ತಾರೆ. ಕೊನೆಯ ಬಸ್ಸಿನ ವೇಳೆ ಮಾತ್ರ ಮೊದಲೇ ನೋಡಿಕೊಳ್ಳಿ.

ಊರಿಂದ ಅಪ್ಪ-ಅಮ್ಮ ಬಂದಿದ್ದಾರೆ. ಅಮ್ಮಂಗೆ ಮಂಡಿ ನೋವು. ಕರ್ಕೊಂಡು ಹೋಗಬಹುದಾ?

ಕರೆದುಕೊಂಡು ಹೋಗಿ. ಆದರೆ ನೆಲದ ಮೇಲೆ ಮಲಗಿಸಬೇಡಿ. ಮಡಚುವ ಮಂಚ ಸಿಗುತ್ತದೆ, ತಗೊಳ್ಳಿ. ನಿಂತುಕೊಂಡು ಒಳಗೆ ಹೋಗುವಷ್ಟು ಎತ್ತರದ ಟೆಂಟ್ ಇರಲಿ. ಬಗ್ಗಿ ನುಸುಳುವ ಟೆಂಟ್ ಮಂಡಿ ನೋವಿನವರಿಗೆ ಹಿಂಸೆ. ರಾತ್ರಿ ಎದ್ದು ಹೋಗಬೇಕಾಗುತ್ತದೆ ಅಲ್ವಾ, ಹಾಗಾಗಿ ಶೌಚಾಲಯಕ್ಕೆ ಹತ್ತಿರದ ಜಾಗವನ್ನೇ ಆರಿಸಿ, ಒಬ್ಬೊಬ್ಬರಿಗೂ ಒಂದೊಂದು ಟಾರ್ಚ್ ಕೊಡಿ.

ನನ್ನ ಅತ್ತೆ ಎಪ್ಪತ್ತು ದಾಟಿದ ಮೇಲೆ ನಮ್ಮ ಜೊತೆ ಸ್ಟ್ರಾಡಿಗೆ ಬಂದಿದ್ದರು. ಪಾಯಿಂಟ್ ಲುಕೌಟ್‌ನ ಗಾರ್ಜ್ ವಾಕ್ ಸುಮಾರು 1.2 ಕಿಲೋಮೀಟರ್, ಬಹುಪಾಲು ಮರದ ಹಲಗೆಯ ದಾರಿ. ಆದರೆ ಮೆಟ್ಟಿಲುಗಳಿವೆ. ಅವರು ಅರ್ಧ ದಾರಿ ನಡೆದು ಒಂದು ಬೆಂಚಿನ ಮೇಲೆ ಕೂತರು. ನಾವು ಸುತ್ತು ಮುಗಿಸಿ ಬರುವಷ್ಟರಲ್ಲಿ ಮೂರು ತಿಮಿಂಗಿಲ, ಒಂದು ಆಮೆ ನೋಡಿಬಿಟ್ಟಿದ್ದರು. ನಮಗೆ ಒಂದೂ ಕಂಡಿರಲಿಲ್ಲ.

ನಾವು ಸಸ್ಯಾಹಾರಿಗಳು. ಅಲ್ಲಿ ಊಟಕ್ಕೆ ಏನು ಮಾಡೋದು?

ಎಲ್ಲವನ್ನೂ ತಗೊಂಡು ಹೋಗಿ. ದ್ವೀಪದ ಅಂಗಡಿಗಳಲ್ಲಿ ಹಾಲು, ಬ್ರೆಡ್, ಐಸ್ ಸಿಗುತ್ತದೆ, ಬೆಲೆ ಜಾಸ್ತಿ. ಮೊದಲ ದಿನಕ್ಕೆ ಪುಳಿಯೋಗರೆ, ಚಪಾತಿ. ಆಮೇಲೆ ಅವಲಕ್ಕಿ, ಹುರಿದ ರವೆ, ಚಟ್ನಿಪುಡಿ, ಒಗ್ಗರಣೆ ಹಾಕಿ ಇಟ್ಟುಕೊಂಡ ಗೊಜ್ಜು. ಕುಕ್ಕರ್ ಬೇಡ ಅನ್ನುವವರಿದ್ದಾರೆ. ನಾನು 3 ಲೀಟರ್‌ನ ಚಿಕ್ಕ ಕುಕ್ಕರ್ ಒಯ್ಯುತ್ತೇನೆ, ಗ್ಯಾಸೂ ಉಳಿಯುತ್ತದೆ, ನೀರೂ ಉಳಿಯುತ್ತದೆ. ಕೆಲವು ಕ್ಯಾಂಪ್ ಮೈದಾನಗಳಲ್ಲಿ ಎಲ್ಲರೂ ಬಳಸುವ ಬಾರ್ಬೆಕ್ಯೂ ಇರುತ್ತದೆ. ಅದರ ಮೇಲೆ ಮಾಂಸ ಬೇಯಿಸಿರುತ್ತಾರೆ. ಬೇಡ ಅನ್ನುವವರು ಸ್ವಂತ ಒಲೆ, ಸ್ವಂತ ತವಾ ತನ್ನಿ.

ಗ್ಯಾಸ್ ಡಬ್ಬಿಯನ್ನು ವಿಮಾನದಲ್ಲಿ ತರುವಂತಿಲ್ಲ, ಇಲ್ಲೇ ಕೊಳ್ಳಿ. ಊರಿನಿಂದ ಬರುವವರು ತರುವ ತಿಂಡಿಯನ್ನೆಲ್ಲ ವಿಮಾನ ನಿಲ್ದಾಣದ ಕಾರ್ಡಿನಲ್ಲಿ ಬರೆದು ಹೇಳಲೇಬೇಕು. ಹೇಳಿದರೆ ಹೆಚ್ಚೆಂದರೆ ಅದನ್ನು ತೆಗೆದಿಟ್ಟುಕೊಳ್ಳುತ್ತಾರೆ, ಮುಚ್ಚಿಟ್ಟರೆ ದೊಡ್ಡ ದಂಡ.

ಮರಳಲ್ಲಿ ಟೆಂಟಿನ ಗೂಟ ನಿಲ್ಲುತ್ತಾ?

ಟೆಂಟಿನ ಜೊತೆ ಬರುವ ತೆಳ್ಳನೆ ಗೂಟ ನಿಲ್ಲುವುದಿಲ್ಲ. ನಮ್ಮ ಎರಡನೇ ಪ್ರವಾಸದಲ್ಲಿ ಬಾಡಿಗೆಗೆ ತಂದ ಟೆಂಟಿನ ಚೀಲ ಬಿಚ್ಚಿದರೆ ಅವೇ ಇದ್ದವು. ಮರಳಿಗೆ ಆಗುತ್ತದೆ ಅಂತ ಅಂಗಡಿಯವರು ಹೇಳಿದ್ದರು. ರಾತ್ರಿ ಎರಡಕ್ಕೆ ಗಾಳಿ ಎದ್ದಿತು, ಒಂದೊಂದೇ ಗೂಟ ಕಿತ್ತು ಬಂತು. ಮಗಳನ್ನು ಎತ್ತಿಕೊಂಡು ಕಾರಿನಲ್ಲಿ ಬೆಳಗು ಮಾಡಿದೆವು.

ಉದ್ದನೆಯ, ಅಗಲವಾದ ಮರಳು ಗೂಟಗಳು ಬೇರೆ ಸಿಗುತ್ತವೆ. ಇಲ್ಲದಿದ್ದರೆ ಗಟ್ಟಿ ಚೀಲಕ್ಕೆ ಮರಳು ತುಂಬಿ, ಹಗ್ಗ ಕಟ್ಟಿ, ಮೊಣಕೈ ಆಳಕ್ಕೆ ಹೂತುಬಿಡಿ, ಅಲ್ಲಾಡುವುದಿಲ್ಲ. ಕಡಲಿಗೆ ಮುಖ ಮಾಡಿ ಟೆಂಟ್ ಹಾಕುವ ಆಸೆ ಎಲ್ಲರಿಗೂ ಇರುತ್ತದೆ. ಮೊದಲು ಗಾಳಿ ಎಲ್ಲಿಂದ ಬೀಸುತ್ತಿದೆ ನೋಡಿ. ಪೂರ್ವ ತೀರದಲ್ಲಿ ಅದು ಸಾಮಾನ್ಯವಾಗಿ ಆಗ್ನೇಯದಿಂದ ಬರುತ್ತದೆ. ಚಿಕ್ಕ ಬದಿಯನ್ನು ಗಾಳಿಗೆ ಕೊಡಿ, ಬಾಗಿಲನ್ನು ಆಚೆ ಕಡೆ ತಿರುಗಿಸಿ.

ನೀರು, ಶೌಚಾಲಯ ಎಲ್ಲಾ ಇರುತ್ತಾ?

ಮೈದಾನದಂಥ ದೊಡ್ಡ ಕ್ಯಾಂಪ್ ಜಾಗಗಳಲ್ಲಿ ಇರುತ್ತದೆ. ಕಡಲತೀರದ ಮರಳು ದಿಬ್ಬಗಳ ಹಿಂದಿನ ಜಾಗಗಳಲ್ಲಿ ಇರುವುದಿಲ್ಲ. ಅಲ್ಲಿಗೆ ಹೋಗುವವರು ಜೊತೆಗೆ ಒಯ್ಯುವ ಶೌಚಾಲಯದ ಡಬ್ಬಿ ಕೊಳ್ಳಿ. ನೂರಾರು ಜನ ಒಂದೇ ದಿಬ್ಬದ ಹಿಂದೆ ಹೋದರೆ ಆ ಜಾಗ ಏನಾಗಬೇಕು ಹೇಳಿ. ಕುಡಿಯಲು, ಅಡುಗೆಗೆ ಒಬ್ಬರಿಗೆ ದಿನಕ್ಕೆ 5 ಲೀಟರ್ ನೀರು ಇಟ್ಟುಕೊಳ್ಳಿ. ಕ್ಯಾಂಪ್ ಜಾಗದ ನಲ್ಲಿ ನೀರನ್ನು ಕುದಿಸಿಯೇ ಕುಡಿಯಿರಿ.

ನಾಯಿ ಕರ್ಕೊಂಡು ಹೋಗಬಹುದಾ?

ಗಾರಿ ಮತ್ತು ಮೊರ್ಟನ್‌ಗೆ ಇಲ್ಲ.

## ದ್ವೀಪದಲ್ಲಿ ಇರುವಾಗ

ಡಿಂಗೋ ಭಯ ನಿಜವಾಗ್ಲೂ ಅಷ್ಟಿದೆಯಾ? ಚಿಕ್ಕ ಮಕ್ಕಳಿದ್ದಾರೆ.

ಡಿಂಗೋ ಇರುವುದು ಗಾರಿಯಲ್ಲಿ. ಮೊರ್ಟನ್‌ನಲ್ಲಿ ಇಲ್ಲ. ನೋಡಲು ನಮ್ಮ ಊರಿನ ಕಂದು ಬೀದಿನಾಯಿಯ ಹಾಗೇ ಕಾಣುತ್ತದೆ. ನಮ್ಮವರಿಗೆ ಅದೇ ದೊಡ್ಡ ಅಪಾಯ. ಬೀದಿನಾಯಿಗೆ ಬಿಸ್ಕತ್ ಹಾಕಿ ಬೆಳೆದವರು ನಾವು, ಕೈ ತಾನಾಗಿ ಚೀಲಕ್ಕೆ ಹೋಗುತ್ತದೆ. ಡಿಂಗೋ ಕಾಡುಪ್ರಾಣಿ. 2001ರಲ್ಲಿ ಗಾರಿಯಲ್ಲಿ 9 ವರ್ಷದ ಹುಡುಗನೊಬ್ಬ ಡಿಂಗೋಗಳ ದಾಳಿಗೆ ಪ್ರಾಣ ಕಳೆದುಕೊಂಡ. 2019ರಲ್ಲಿ ರಾತ್ರಿ ಮಲಗಿದ್ದ ಪುಟ್ಟ ಮಗುವನ್ನು ಡಿಂಗೋ ಎಳೆದುಕೊಂಡು ಹೋಗಿತ್ತು, ತಂದೆ ಬಿಡಿಸಿದರು. 2023ರಲ್ಲಿ ಒಬ್ಬಳೇ ಓಡುತ್ತಿದ್ದ ಯುವತಿಯ ಮೇಲೆ ಹಿಂಡು ಬಿದ್ದಿತು.

ಮಕ್ಕಳಿದ್ದರೆ ಬೇಲಿ ಹಾಕಿದ ಕ್ಯಾಂಪ್ ಮೈದಾನವನ್ನೇ ಆರಿಸಿ. ಸೆಂಟ್ರಲ್ ಸ್ಟೇಷನ್, ಡಂಡುಬಾರ, ವಾಡಿ ಪಾಯಿಂಟ್‌ನ ಮೇಲಿನ ಮೈದಾನ ಇವೆಲ್ಲ ಬೇಲಿಯ ಒಳಗಿವೆ. ಗೇಟನ್ನು ಪ್ರತಿ ಸಲವೂ ಹಾಕಿ. ಬೇಲಿಯ ಹೊರಗೆ ಮಕ್ಕಳು ಕೈಗೆಟುಕುವಷ್ಟು ಹತ್ತಿರ ಇರಬೇಕು. ಹದಿನಾಲ್ಕು ವರ್ಷದವರಿಗೂ ಇದೇ ನಿಯಮ, ಅವರು ಎಷ್ಟೇ ಮುಖ ಸಿಂಡರಿಸಲಿ. ಯಾರೂ ಒಬ್ಬರೇ ನಡೆಯುವುದು ಬೇಡ, ಓಡುವುದಂತೂ ಬೇಡವೇ ಬೇಡ. ಕೈಯಲ್ಲಿ ಒಂದು ಕೋಲು ಇರಲಿ.

ಡಿಂಗೋ ಹತ್ತಿರ ಬಂದರೆ ಅದಕ್ಕೆ ಮುಖ ಮಾಡಿ ನೆಟ್ಟಗೆ ನಿಲ್ಲಿ. ಕೈಗಳನ್ನು ಎದೆಗೆ ಕಟ್ಟಿಕೊಳ್ಳಿ. ನಿಧಾನವಾಗಿ ಹಿಂದೆ ಸರಿಯಿರಿ, ಜೊತೆಯವರನ್ನು ಕೂಗಿ. ಬೆನ್ನು ತಿರುಗಿಸಿ ಓಡಿದರೆ ಅದು ಬೇಟೆ ಅಂದುಕೊಳ್ಳುತ್ತದೆ.

ಆಹಾರ ಟೆಂಟಿನಲ್ಲಿ ಇರಲೇಬಾರದು. ಟೂತ್‌ಪೇಸ್ಟ್, ಎಣ್ಣೆ, ಮಗುವಿನ ಹಾಲಿನ ಬಾಟಲಿ ಕೂಡ ಗಾಡಿಯ ಒಳಗೆ. ಐಸ್ ಪೆಟ್ಟಿಗೆಗೆ ಬಿಗಿಯಾದ ಬೀಗ ಬೇಕು, ಮುಚ್ಚಳ ತೆಗೆಯುವುದು ಅವಕ್ಕೆ ಚೆನ್ನಾಗಿ ಗೊತ್ತು. ತಿಂಡಿ ಹಾಕಿದರೆ ದೊಡ್ಡ ದಂಡ ಇದೆ. ದಂಡಕ್ಕಿಂತ ನನ್ನ ಮನಸ್ಸಿನಲ್ಲಿ ಉಳಿದಿರುವುದು ಬೇರೆ. ಮನುಷ್ಯರ ಕೈಯಿಂದ ತಿಂದ ಡಿಂಗೋ ಹೆದರಿಕೆ ಕಳೆದುಕೊಂಡು ಜನರ ಮೇಲೆ ಬೀಳಲು ಶುರುಮಾಡಿದರೆ ಕೊನೆಗೆ ಅದನ್ನು ಸಾಯಿಸುತ್ತಾರೆ. ಬುಚುಲ್ಲರು ಅದನ್ನು ವಾಂಗರಿ ಅನ್ನುತ್ತಾರೆ, ತಮ್ಮ ಬಳಗದ್ದು ಅಂತ ನೋಡುತ್ತಾರೆ. ಒಂದು ಬಿಸ್ಕತ್ತಿಗೆ ಆ ಪ್ರಾಣ ಹೋಗಬಾರದು.

ಎಲ್ಲಿ ಈಜಬಹುದು?

ಸ್ಟ್ರಾಡಿಯಲ್ಲಿ ಸಿಲಿಂಡರ್ ಬೀಚ್. ಅಲ್ಲಿ ಜೀವರಕ್ಷಕರು ಇರುತ್ತಾರೆ, ಕೆಂಪು-ಹಳದಿ ಬಾವುಟಗಳ ನಡುವೆ ಮಾತ್ರ ಇಳಿಯಿರಿ. ಮೊಣಕಾಲುದ್ದ ನೀರಿನಲ್ಲಿ ಸುಮ್ನೆ ಆಡುತ್ತೇವೆ ಅಂತ ಬಾವುಟದ ಆಚೆ ಇಳಿಯಬೇಡಿ. ಒಳಸೆಳೆತ ಈಜು ಬಲ್ಲವರನ್ನೂ ಬಿಡುವುದಿಲ್ಲ.

ಗಾರಿಯ ಪೂರ್ವದ 75 ಮೈಲ್ ಬೀಚ್‌ನಲ್ಲಿ ಕಡಲಿಗೆ ಇಳಿಯಲೇಬೇಡಿ. ಸೆಳೆತವೂ ಇದೆ, ಶಾರ್ಕ್‌ಗಳೂ ಇವೆ, ಜೀವರಕ್ಷಕರಿಲ್ಲ. ಅಲ್ಲಿ ಈಜುವುದು ಕೆರೆಗಳಲ್ಲಿ. ನೂರಕ್ಕೂ ಹೆಚ್ಚು ಸಿಹಿನೀರಿನ ಕೆರೆಗಳಿವೆ. ಮೆಕೆಂಜಿ ಕೆರೆಯ, ಅಂದರೆ ಬೂರಂಗೂರದ ವಿಶೇಷ ಏನೆಂದರೆ ಅದಕ್ಕೆ ಹೊಳೆಯೂ ಇಲ್ಲ, ಊಟೆಯೂ ಇಲ್ಲ. ಎಲೆ, ಬೇರು ಕೊಳೆತು ಮರಳಿನ ಜೊತೆ ಗಟ್ಟಿಯಾಗಿ ಒಂದು ತಟ್ಟೆಯ ಹಾಗೆ ಆಗಿದೆ. ಆ ತಟ್ಟೆಯಲ್ಲಿ ನಿಂತಿರುವುದು ಬರೀ ಮಳೆ ನೀರು. ಹಚ್ಚಿಕೊಂಡ ಸನ್‌ಸ್ಕ್ರೀನ್, ಸೋಪು ಅದಕ್ಕೆ ಬಿದ್ದರೆ ಹರಿದುಹೋಗುವ ದಾರಿ ಇಲ್ಲ. ಉದ್ದ ತೋಳಿನ ಈಜು ಅಂಗಿ ಹಾಕಿಕೊಳ್ಳಿ. ಮಕ್ಕಳಿಗೆ ಎಲಿ ಕ್ರೀಕ್ ಇನ್ನೂ ಇಷ್ಟವಾಗುತ್ತದೆ. ತೊರೆಯ ಮೇಲ್ಭಾಗದಲ್ಲಿ ಗಾಳಿ ತುಂಬಿದ ಟ್ಯೂಬ್ ಮೇಲೆ ಕೂತರೆ ನೀರೇ ಕೆಳಕ್ಕೆ ಕರೆದೊಯ್ಯುತ್ತದೆ.

ಕಡಲಲ್ಲಿ ಏನಾದ್ರೂ ಕುಟುಕಿದ್ರೆ?

ಹೆಚ್ಚಾಗಿ ಸಿಗುವುದು ನೀಲಿ ಗುಳ್ಳೆಯಂಥ ಬ್ಲೂಬಾಟಲ್. ಎಳೆಗಳನ್ನು ಸಮುದ್ರದ ನೀರಿನಿಂದ ತೊಳೆದು ತೆಗೆಯಿರಿ. ಆಮೇಲೆ ತಡೆಯುವಷ್ಟು ಬಿಸಿ ನೀರಿನಲ್ಲಿ 20 ನಿಮಿಷ ಇಡಿ. ಇದಕ್ಕೆ ವಿನೆಗರ್ ಬೇಡ. ಗಾರಿಯ ಪಶ್ಚಿಮ ಬದಿಯಲ್ಲಿ ಇರುಕಾಂಜಿ ಅನ್ನುವ ಪುಟ್ಟ ಲೋಳೆಮೀನು ಸಿಕ್ಕಿದ್ದುಂಟು. ಅದು ಅಪಾಯಕಾರಿ, ಅದಕ್ಕೆ ವಿನೆಗರ್ ಸುರಿದು ತಕ್ಷಣ ಇಲ್ಲಿನ ತುರ್ತು ಸಂಖ್ಯೆ 000ಗೆ ಕರೆ ಮಾಡಬೇಕು.

ಸೊಳ್ಳೆ, ನೊಣ ಜಾಸ್ತಿನಾ?

ಬೆಳಗ್ಗೆ ಮತ್ತು ಮುಸ್ಸಂಜೆ ಮಿಡ್ಜ್ ಅನ್ನುವ ಕಣ್ಣಿಗೆ ಕಾಣದಷ್ಟು ಚಿಕ್ಕ ನೊರಜು ಕಚ್ಚುತ್ತದೆ. ಗಾಳಿ ಇಲ್ಲದ ದಿನ, ಕಾಂಡ್ಲಾ ಕಾಡಿನ ಹತ್ತಿರ, ಕೊಲ್ಲಿಯ ಕಡೆಯ ತೀರದಲ್ಲಿ ಇದರ ಕಾಟ ಜಾಸ್ತಿ. ಟೆಂಟಿನ ಪರದೆ ತುಂಬಾ ಸಣ್ಣ ಕಣ್ಣಿನದಾಗಿರಲಿ. ಮಾರ್ಚ್ ಫ್ಲೈ ಅನ್ನುವ ದೊಡ್ಡ ನೊಣ ಗಾಢ ಬಣ್ಣಕ್ಕೆ ಬರುತ್ತದೆ, ಬಿಳಿ ಬಟ್ಟೆ ಒಳ್ಳೆಯದು. ಸೊಳ್ಳೆಯಿಂದ ರಾಸ್ ರಿವರ್ ಜ್ವರ ಬರಬಹುದು, ಕೀಲು ನೋವು ವಾರಗಟ್ಟಲೆ ಕಾಡುತ್ತದೆ. ಸಂಜೆ ಮೈ ತುಂಬಾ ಬಟ್ಟೆ ಹಾಕಿ.

ರಾತ್ರಿ ಬೆಂಕಿ ಹಾಕ್ಕೊಂಡು ಕೂರಬಹುದಾ?

ಗಾರಿಯಲ್ಲಿ ಇಲ್ಲ. ಡಂಡುಬಾರ, ವಾಡಿ ಪಾಯಿಂಟ್‌ಗಳಲ್ಲಿ ಎಲ್ಲರಿಗೂ ಸೇರಿದ ಬೆಂಕಿ ಕಟ್ಟೆಗಳಿವೆ, ಅಷ್ಟೇ. 2020ರ ಅಕ್ಟೋಬರ್‌ನಲ್ಲಿ ನಿಯಮ ಮುರಿದು ಹಾಕಿದ ಒಂದು ಕ್ಯಾಂಪ್ ಬೆಂಕಿ ಸುಮಾರು ಎರಡು ತಿಂಗಳು ಉರಿದು ದ್ವೀಪದ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಸುಟ್ಟಿತು. ಉಳಿದ ದ್ವೀಪಗಳಲ್ಲಿ ಆಯಾ ಜಾಗದ ಫಲಕ, ಆ ದಿನದ ಬೆಂಕಿ ನಿಷೇಧ ನೋಡಿಕೊಳ್ಳಿ. ಎಲ್ಲಿ ಹಾಕಿದರೂ ನೀರು ಸುರಿದೇ ಆರಿಸಬೇಕು. ಮರಳು ಮುಚ್ಚಿದರೆ ಕೆಂಡ ಕೆಳಗೆ ಗಂಟೆಗಟ್ಟಲೆ ಬಿಸಿ ಇರುತ್ತದೆ, ಮೇಲೆ ಏನೂ ಕಾಣುವುದಿಲ್ಲ. ಬರಿಗಾಲಿನ ಮಗು ಅದರ ಮೇಲೇ ಹೆಜ್ಜೆ ಇಡುತ್ತದೆ.

ಹಾವು ಕಚ್ಚಿದ್ರೆ ಆಸ್ಪತ್ರೆ ಎಲ್ಲಿ? ಫೋನ್ ಸಿಗುತ್ತಾ?

ಕಚ್ಚಿದ ಜಾಗ ತೊಳೆಯಬೇಡಿ, ಕತ್ತರಿಸಬೇಡಿ, ಬಿಗಿಯಾಗಿ ಹಗ್ಗ ಕಟ್ಟಬೇಡಿ. ಅಗಲವಾದ ಎಲಾಸ್ಟಿಕ್ ಬ್ಯಾಂಡೇಜನ್ನು ಕೈ ಅಥವಾ ಕಾಲಿನ ಉದ್ದಕ್ಕೂ ಒತ್ತಿ ಸುತ್ತಿ, ಅಲ್ಲಾಡದಂತೆ ಕೋಲು ಕಟ್ಟಿ. ಅವರನ್ನು ನಡೆಸಬೇಡಿ. 000ಗೆ ಕರೆ ಮಾಡಿ, ಬೇಕಾದರೆ ಹೆಲಿಕಾಪ್ಟರ್ ಕಳಿಸುತ್ತಾರೆ. ಇಂಥ ಎರಡು ಬ್ಯಾಂಡೇಜ್ ನಮ್ಮ ಚೀಲದಲ್ಲಿ ಯಾವಾಗಲೂ ಇರುತ್ತವೆ. ಫೋನು ಎಲ್ಲ ಕಡೆ ಸಿಗುವುದಿಲ್ಲ. ಟೆಲ್‌ಸ್ಟ್ರಾ ಕಂಪನಿಯ ಸಂಪರ್ಕ ಉಳಿದವಕ್ಕಿಂತ ಮೇಲು. ಎಲ್ಲಿ ಸಿಗ್ನಲ್ ಬರುತ್ತದೆ ಅನ್ನುವುದನ್ನು ಹೋದ ದಿನವೇ ನೋಡಿಟ್ಟುಕೊಳ್ಳಿ.

## ಒಂದೆರಡು ಸಲ ಹೋಗಿ ಬಂದ ಮೇಲೆ

ನಮ್ಮ ಎಸ್‌ಯುವಿ ಇದೆ. ಮರಳ ಮೇಲೆ ಓಡಿಸಬಹುದಾ?

ಎಸ್‌ಯುವಿ ಆದ ಮಾತ್ರಕ್ಕೆ ಆಗುವುದಿಲ್ಲ. ನೆಲದಿಂದ ಎತ್ತರ ಬೇಕು, ನಿಧಾನವಾಗಿ, ಬಲವಾಗಿ ಎಳೆಯುವ ಲೋ ರೇಂಜ್ ಗೇರ್ ಇರುವ ನಿಜವಾದ ಫೋರ್ ವ್ಹೀಲ್ ಡ್ರೈವ್ ಬೇಕು. ಮಾಮೂಲಿ ಬಾಡಿಗೆ ಕಾರನ್ನು ದ್ವೀಪದ ಮರಳಿಗೆ ಒಯ್ಯಲು ಒಪ್ಪಂದದಲ್ಲೇ ಬಿಡುವುದಿಲ್ಲ, ಉಪ್ಪು ನೀರಿನ ಹಾನಿಗೆ ವಿಮೆಯೂ ಸಿಗುವುದಿಲ್ಲ. ದ್ವೀಪಕ್ಕೆಂದೇ ಬಾಡಿಗೆಗೆ ಕೊಡುವವರಿದ್ದಾರೆ, ಅವರ ಹತ್ತಿರ ತಗೊಳ್ಳಿ.

ಮರಳಿಗೆ ಇಳಿಯುವ ಮುಂಚೆ ಟಯರಿನ ಗಾಳಿಯನ್ನು 18 ಪಿಎಸ್‌ಐ ಆಸುಪಾಸಿಗೆ ಇಳಿಸಿ. ಟಯರ್ ಅಗಲವಾಗಿ ಚಪ್ಪಟೆಯಾಗುತ್ತದೆ, ಒಂಟೆಯ ಪಾದದ ಹಾಗೆ ಭಾರ ಹರಡುತ್ತದೆ. ಗಾಳಿ ಇಳಿಸಿದ ಮೇಲೆ ವೇಗವಾಗಿ ತಿರುಗಿಸಬೇಡಿ. ಹೂತುಕೊಂಡರೆ ಆಕ್ಸಿಲರೇಟರ್ ಒತ್ತಬೇಡಿ, ಚಕ್ರ ಇನ್ನೂ ಕೆಳಕ್ಕೆ ಕೊರೆಯುತ್ತದೆ. ಇಳಿದು, ಚಕ್ರದ ಮುಂದಿನ ಮರಳು ತೋಡಿ, ಇನ್ನೊಂದೆರಡು ಪಿಎಸ್‌ಐ ಇಳಿಸಿ, ಬಂದ ಜಾಡಿನಲ್ಲೇ ಹಿಂದಕ್ಕೆ ತೆಗೆಯಿರಿ. ಸಲಿಕೆ, ಚಕ್ರದಡಿ ಇಡುವ ಏರು ಹಲಗೆ, ಎಳೆಯುವ ಪಟ್ಟಿ, ಗಾಳಿ ತುಂಬುವ ಪಂಪು ಇಲ್ಲದೆ ಹೊರಡಬೇಡಿ.

ಗಾರಿಯ ಪೂರ್ವ ತೀರ ಒಂದು ಹೆದ್ದಾರಿ ಇದ್ದ ಹಾಗೆ. ಅಲ್ಲಿ ಗಂಟೆಗೆ 80 ಕಿಲೋಮೀಟರ್ ಮಿತಿ, ಒಳಗಿನ ದಾರಿಗಳಲ್ಲಿ 30. ಪೊಲೀಸರು ಕುಡಿತ ಪರೀಕ್ಷೆಯನ್ನೂ ಮಾಡುತ್ತಾರೆ. ಆ ಮರಳ ಮೇಲೆಯೇ ಚಿಕ್ಕ ವಿಮಾನಗಳೂ ಇಳಿಯುತ್ತವೆ, ಅವುಗಳಿಗೆ ದಾರಿ ಬಿಡಬೇಕು. ನಿಜವಾದ ಅಪಾಯ ಮಳೆಯಾದ ಮೇಲೆ ತೊರೆಗಳು ಕೊರೆದ ಅಡ್ಡ ಕಾಲುವೆಗಳದ್ದು. ದೂರದಿಂದ ಅವು ಕಾಣುವುದೇ ಇಲ್ಲ.

ಉಬ್ಬರ-ಇಳಿತ ಹೇಗೆ ಲೆಕ್ಕ ಹಾಕೋದು?

ಪ್ರವಾಸ ಇಡೀ ಇದರ ಮೇಲೆಯೇ ನಿಂತಿದೆ. ಇಳಿತದ ಹೊತ್ತಿಗೆ ಎರಡು ಗಂಟೆ ಮುಂಚೆ, ಎರಡು ಗಂಟೆ ಆಮೇಲೆ, ಅಷ್ಟರೊಳಗೆ ತೀರದ ಮೇಲಿನ ಓಡಾಟ ಮುಗಿಸಿ. ಉಬ್ಬರದಲ್ಲಿ ಗಟ್ಟಿ ಮರಳು ನೀರಿನಡಿ ಹೋಗುತ್ತದೆ, ಉಳಿಯುವುದು ಮೇಲಿನ ಮೆತ್ತನೆಯ ಮರಳು. ಹೂತುಕೊಳ್ಳುವುದು ಅಲ್ಲೇ. ಇಳಿತದ ವೇಳೆ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಇವತ್ತು ಬೆಳಗ್ಗೆ 9ಕ್ಕಿದ್ದರೆ ನಾಲ್ಕನೇ ದಿನ ವಾಪಸ್ ಬರುವಾಗ 11 ದಾಟಿರುತ್ತದೆ. ಫೆರಿಯನ್ನು ಅದಕ್ಕೆ ಸರಿಯಾಗಿ ಬುಕ್ ಮಾಡಿ.

ನಮ್ಮ ಮನೆಯ ಗೋಡೆಯಲ್ಲಿ ಊರಿನಿಂದ ಬಂದ ಕನ್ನಡ ಕ್ಯಾಲೆಂಡರ್ ಇದೆ. ನಾನು ಮೊದಲು ನೋಡುವುದು ಅದನ್ನೇ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ನೀರು ಹೆಚ್ಚು ಮೇಲೆ ಬರುತ್ತದೆ, ಹೆಚ್ಚು ಕೆಳಕ್ಕೂ ಹೋಗುತ್ತದೆ. ಅಷ್ಟಮಿಯ ಹೊತ್ತಿಗೆ ಏರಿಳಿತ ಕಡಿಮೆ. ಆಮೇಲೆ ಆ ಜಾಗದ ಉಬ್ಬರವಿಳಿತ ಪಟ್ಟಿ ತೆಗೆದು ಗಂಟೆ ಗುರುತು ಹಾಕಿಕೊಳ್ಳುತ್ತೇನೆ. ಚಳಿಗಾಲದ ಅಮಾವಾಸ್ಯೆಗೆ ಇನ್ನೊಂದು ಲಾಭ ಇದೆ. ಆಕಾಶಗಂಗೆಯ ದಟ್ಟವಾದ ಭಾಗ ಆಗ ನೆತ್ತಿಯ ಮೇಲೇ ಬರುತ್ತದೆ. ನಮ್ಮ ಊರಿನಲ್ಲಿ ದಕ್ಷಿಣ ದಿಕ್ಕಿಗೆ ಕಾಣುವ ವೃಶ್ಚಿಕವನ್ನು ಇಲ್ಲಿ ಮಲಗಿಕೊಂಡು ನೋಡಬಹುದು.

ಮೊರ್ಟನ್‌ನಲ್ಲಿ ಹಡಗಿನ ಅವಶೇಷ ಇದೆಯಂತೆ. ಏನದು?

ಟಾಂಗಲೂಮದ ಹತ್ತಿರ 15 ಹಳೆಯ ಹಡಗುಗಳಿವೆ. ಅವು ಅಪಘಾತದಲ್ಲಿ ಮುಳುಗಿದವಲ್ಲ. ಸಣ್ಣ ದೋಣಿಗಳಿಗೆ ಅಲೆಯಿಂದ ಆಸರೆಯಾಗಲಿ ಅಂತ 1963ರಿಂದ ಬೇಕೆಂದೇ ಮುಳುಗಿಸಿದವು. ಈಗ ಅಲ್ಲಿ ಹವಳ ಬೆಳೆದಿದೆ, ಬಣ್ಣಬಣ್ಣದ ಮೀನುಗಳಿವೆ. ನೀರು ತಿರುಗುವ ಹೊತ್ತಿನಲ್ಲಿ, ಸೆಳೆತ ಕಡಿಮೆ ಇದ್ದಾಗ ಮಾತ್ರ ಕನ್ನಡಕ, ಉಸಿರು ಕೊಳವೆ ಹಾಕಿಕೊಂಡು ಇಳಿಯಿರಿ. ಬೇರೆ ಹೊತ್ತಿನಲ್ಲಿ ಸೆಳೆತ ಜೋರು.

ಅದೇ ಟಾಂಗಲೂಮದಲ್ಲಿ 1952ರಿಂದ 1962ರವರೆಗೆ ತಿಮಿಂಗಿಲ ಕತ್ತರಿಸುವ ಕಾರ್ಖಾನೆ ಇತ್ತು. 6,277 ಹಂಪ್‌ಬ್ಯಾಕ್ ತಿಮಿಂಗಿಲಗಳನ್ನು ಅಲ್ಲಿ ಕೊಂದರು. ಕೊನೆಗೆ ಕೊಲ್ಲಲು ಸಿಗದಷ್ಟು ಕಡಿಮೆಯಾದವು, ಪೂರ್ವ ಕರಾವಳಿಯಲ್ಲಿ ಉಳಿದಿದ್ದು ಕೆಲವೇ ನೂರು. ಈಗ ಜೂನ್‌ನಿಂದ ನವೆಂಬರ್‌ವರೆಗೆ ಅವು ಸಾವಿರಾರು ಸಂಖ್ಯೆಯಲ್ಲಿ ಇದೇ ದಾರಿಯಲ್ಲಿ ಹೋಗುತ್ತವೆ. ಕೇಪ್ ಮೊರ್ಟನ್‌ನಲ್ಲಿ 1857ರ ದೀಪಸ್ತಂಭ ಇದೆ. ಅದರ ಪಕ್ಕ ನಿಂತರೆ ಅವು ಉಸಿರು ಬಿಡುವುದು ಕಾಣುತ್ತದೆ. ಈ ಕತೆ ಗೊತ್ತಿದ್ದು ನೋಡಿದರೆ ಗಂಟಲು ಕಟ್ಟುತ್ತದೆ.

ಚಂಡಮಾರುತ ಬಂದ್ರೆ ಬುಕಿಂಗ್ ಗತಿ ಏನು?

ಚಂಡಮಾರುತದ ಕಾಲ ನವೆಂಬರ್‌ನಿಂದ ಏಪ್ರಿಲ್. ಇಷ್ಟು ದಕ್ಷಿಣಕ್ಕೆ ಬರುವುದು ಅಪರೂಪ, ಆದರೆ ಬರುತ್ತದೆ. 2025ರ ಮಾರ್ಚ್ 8ರಂದು ಆಲ್ಫ್ರೆಡ್ ಬ್ರೈಬಿ ದ್ವೀಪದ ಬಳಿ ಕರಾವಳಿ ದಾಟಿತು. ಅದಕ್ಕೆ ಮುಂಚಿನ ದಿನಗಳಲ್ಲೇ ದ್ವೀಪಗಳ ಕ್ಯಾಂಪ್ ಜಾಗಗಳನ್ನು ಮುಚ್ಚಿದ್ದರು. ದೊಡ್ಡ ಅಲೆಗಳು ತೀರದ ಮರಳನ್ನು ಕೊಚ್ಚಿಕೊಂಡು ಹೋದವು, ಇಳಿಜಾರಿದ್ದ ಕಡೆ ಆಳೆತ್ತರದ ಗೋಡೆಗಳಾದವು.

ಹೊರಡುವ ಹಿಂದಿನ ದಿನ ಮತ್ತು ಹೊರಡುವ ಬೆಳಗ್ಗೆ ಉದ್ಯಾನದ ಎಚ್ಚರಿಕೆ ಪುಟ, ಹವಾಮಾನ ಇಲಾಖೆಯ ಮುನ್ಸೂಚನೆ ಎರಡನ್ನೂ ನೋಡಿ. ದ್ವೀಪದಲ್ಲಿರುವಾಗ ಬಿಟ್ಟು ಹೋಗಿ ಅಂತ ಹೇಳಿದರೆ ತಕ್ಷಣ ಹೊರಟುಬಿಡಿ. ಫೆರಿ ನಿಂತರೆ ಗಾಡಿ ಸಮೇತ ಅಲ್ಲೇ ಉಳಿಯಬೇಕು. ಬುಕ್ ಮಾಡುವಾಗಲೇ ಫೆರಿಯವರ ರದ್ದತಿ ನಿಯಮ ಓದಿಕೊಳ್ಳಿ, ಕ್ಯಾಂಪ್ ಜಾಗದ ನಿಯಮ ಬೇರೆ ಇರುತ್ತದೆ.

ಮಕ್ಕಳು ಚಿಪ್ಪು, ಮರಳು ತುಂಬ್ಕೊಂಡು ಬರ್ತಾರೆ. ತಪ್ಪಾ?

ರಾಷ್ಟ್ರೀಯ ಉದ್ಯಾನದಿಂದ ಏನನ್ನೂ ತರುವಂತಿಲ್ಲ. ದಿಬ್ಬಗಳಲ್ಲಿ ಚಿಪ್ಪಿನ ರಾಶಿ ಕಂಡರೆ ಅದನ್ನು ಮುಟ್ಟಲೇಬೇಡಿ. ಅದು ಸಾವಿರಾರು ವರ್ಷ ಅಲ್ಲಿ ಬಾಳಿದವರು ಊಟ ಮಾಡಿ ಬಿಟ್ಟ ಗುರುತು ಆಗಿರಬಹುದು. ಸ್ಟ್ರಾಡಿಯ ಮೇಲೆ ಕ್ವಾಂಡಮೂಕರ ಹಕ್ಕನ್ನು 2011ರ ಜುಲೈನಲ್ಲಿ, ಮೊರ್ಟನ್ ಮೇಲಿನ ಹಕ್ಕನ್ನು 2019ರ ನವೆಂಬರ್‌ನಲ್ಲಿ ನ್ಯಾಯಾಲಯ ಒಪ್ಪಿತು. ಸ್ಟ್ರಾಡಿಯಲ್ಲಿ ದಶಕಗಳಿಂದ ನಡೆದಿದ್ದ ಮರಳು ಗಣಿಗಾರಿಕೆ ನಿಂತಿದ್ದೂ 2019ರ ಕೊನೆಗೆ. ಕಾರ್ಬೂರ, ಅಂದರೆ ಬ್ಲೂ ಲೇಕ್, ಅವರಿಗೆ ಪವಿತ್ರ. ಅಲ್ಲಿ ನೀರಿಗೆ ಇಳಿಯದೆ ದಂಡೆಯಲ್ಲಿ ಕೂತು ಬನ್ನಿ. ನಾವು ಕೆಲವು ದೇವರ ಕೆರೆಗಳಲ್ಲಿ ಕಾಲಿಡುವುದಿಲ್ಲ ಅಲ್ವಾ, ಮಕ್ಕಳಿಗೆ ಹಾಗೆ ಹೇಳಿದರೆ ಬೇಗ ಅರ್ಥವಾಗುತ್ತದೆ.

ವಾಪಸ್ ಬಂದ ಮೇಲೆ ಗಾಡಿ, ಟೆಂಟಿಗೆ ಏನು ಮಾಡಬೇಕು?

ಡಾಂಬರು ರಸ್ತೆ ಹತ್ತುವ ಮುಂಚೆ ಟಯರಿಗೆ ಗಾಳಿ ತುಂಬಿ. ಮನೆಗೆ ಹೋಗುವ ದಾರಿಯಲ್ಲೇ ಗಾಡಿಯ ತಳವನ್ನು ಸಿಹಿನೀರಿನಿಂದ ಚೆನ್ನಾಗಿ ತೊಳೆಸಿ. ನಾಳೆ ಮಾಡಿದರಾಯಿತು ಅಂತ ಬಿಟ್ಟರೆ ಉಪ್ಪು ತನ್ನ ಕೆಲಸ ಶುರುಮಾಡುತ್ತದೆ. ಟೆಂಟನ್ನು ಬಿಚ್ಚಿ ಒಣಗಿಸಿ, ಒದ್ದೆಯಾಗಿ ಮಡಚಿಟ್ಟರೆ ವಾರದಲ್ಲಿ ಬೂಷ್ಟು ಹಿಡಿಯುತ್ತದೆ. ಜಿಪ್‌ಗಳನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ ತೊಳೆಯಿರಿ, ಮರಳಿನಿಂದ ಮೊದಲು ಹಾಳಾಗುವುದು ಅವೇ. ಬೂಟಿಗೆ, ಗೂಟಕ್ಕೆ ಅಂಟಿದ ಮಣ್ಣು, ಬೀಜ ಕೂಡ ತೆಗೆಯಿರಿ. ಮುಂದಿನ ಸಲ ಬೇರೆ ದ್ವೀಪಕ್ಕೆ ಹೋದಾಗ ಅಲ್ಲಿಗೆ ಕಳೆ ಹೊತ್ತೊಯ್ಯದಿರಲಿ.